ಮುಂದಿನ ಮಾತು

ಆ ದಿನ ನಡೆದ ರಾದ್ಧಾಂತಕ್ಕೆಲ್ಲ ಕಾರಣ ಅತ್ತೆಗೆ ಬಂದ ಒಂದು ಸೀನು. ಬಂದೇಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅದು ಮೂಗಿನ ತುದಿಯವರೆಗೆ ಬಂದು, ಬಾಗಿಲಲ್ಲಿ ನಿಂತ ಸಂಕೋಚದ ನೆಂಟನ ಹಾಗೆ ಒಳಗೂ ಹೋಗದೆ ಹೊರಗೂ ಬಾರದೆ ತಡೆದು ನಿಂತಿತು.

"ಅಳಿಯಂದ್ರೇ, ನಿಮ್ಮ ಕೋಟಿನ..." ಎಂದರು ಅತ್ತೆ, ಕಣ್ಣು ಮುಚ್ಚಿ, ಬಾಯಿ ತೆರೆದು, ಒಂದು ಬೆರಳನ್ನು ಮೇಲಕ್ಕೆತ್ತಿ.

"ಗತ್ತೇ ಬೇರೆ, ಅಲ್ವಾ ಅತ್ತೆ?" ಎಂದ ಅಳಿಯ.

ಆಮೇಲೆ ಸೀನು ಬಂತು. ಗೋಡೆಯ ಮೇಲಿನ ಕನ್ನಡಿ ಅಲುಗಿತು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹೌದಪ್ಪಾ, ಗತ್ತೇ ಬೇರೆ. ನಾವು ಬಾಯಿ ತೆರೆಯೋ ಮೊದಲೇ ನಿಮಗೆ ಎಲ್ಲ ಗೊತ್ತಾಗುತ್ತೆ. ನಮ್ಮದೇನಿದೆ!" ಎಂದು ಚಹಾದ ಲೋಟ ಎತ್ತಿಕೊಂಡು ಒಳಗೆ ನಡೆದರು.

ಅಳಿಯನದು ಕೆಟ್ಟ ಮನಸ್ಸಲ್ಲ, ಕಸುಬಿನ ಚಾಳಿ. ಊರಿನ ಹಳೆಯ ರಂಗಮಂದಿರದಲ್ಲಿ ಅವನು ಪ್ರಾಂಪ್ಟರ್. ವೇದಿಕೆಯ ಮುಂಭಾಗದಲ್ಲಿ, ನೋಡುವವರ ಕಣ್ಣಿಗೆ ಬೀಳದ ಹಾಗೆ ಒಂದು ಗುಂಡಿ. ಅದರೊಳಗೆ ಒಂದು ಮುಕ್ಕಾಲಿ, ಒಂದು ಪುಟ್ಟ ದೀಪ, ಮಡಿಲಲ್ಲಿ ನಾಟಕದ ಪ್ರತಿ. ನಟನಿಗೆ ಮಾತು ಮರೆತ ಕೂಡಲೇ ಮುಂದಿನ ಮಾತನ್ನು ಪಿಸುಗುಟ್ಟಿ ಎತ್ತಿಕೊಡಬೇಕು. ಮೀಸೆ ಮೂಡಿದಾಗ ಆ ಗುಂಡಿಗೆ ಇಳಿದವನು, ಈಗ ಮೀಸೆ ನರೆತಿತ್ತು. ಕೇರಿಯವರು ಅವನನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು. ವರ್ಷಾನುಗಟ್ಟಲೆ ಉತ್ತವನ ಕೈ ನಿದ್ದೆಯಲ್ಲೂ ನೇಗಿಲಿನ ಮೇಳಿ ಹಿಡಿದಂತೆಯೇ ಮಡಚಿಕೊಂಡಿರುತ್ತದಲ್ಲ, ಹಾಗೆ ಯಾರು ಎಲ್ಲಿ ಮಾತು ನಿಲ್ಲಿಸಿದರೂ ಪಿಸುಮಾತಿನ ನಾಲಿಗೆ ತಾನಾಗಿ ಮುಂದಕ್ಕೆ ಚಾಚುತ್ತಿತ್ತು. ಸಾವಿನ ಮನೆಯಲ್ಲಿ ಗಂಟಲು ಕಟ್ಟಿ ನಿಂತ ಮಗನಿಗೂ ಅವನು ಮಾತು ಎತ್ತಿಕೊಟ್ಟವನೇ. ಗುಂಡಿಯೊಳಗೆ ಅವನು ಒಮ್ಮೆ ಬಿಟ್ಟರೆ ತಪ್ಪಿದವನಲ್ಲ. ಗುಂಡಿಯ ಹೊರಗೆ ಒಮ್ಮೆಯೂ ಸರಿ ಹೇಳಿದವನಲ್ಲ. ಈ ವ್ಯತ್ಯಾಸಕ್ಕೆ ಮಡಿಲಲ್ಲಿದ್ದ ಪ್ರತಿಯೇ ಕಾರಣ ಎನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ರಂಗಮಂದಿರಕ್ಕೆ ಜನ ಬರುವುದು ನಿಂತು ಬಹಳ ಕಾಲವಾಗಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಇಲಿಗಳು ಸಂಸಾರ ಹೂಡಿದ್ದವು. ತಿಂಗಳು ಮುಗಿದರೆ ಬಾಗಿಲು ಹಾಕಿ, ಕಟ್ಟಡವನ್ನು ಹಾಸಿಗೆ ಮಾರುವವರಿಗೆ ಕೊಡುವುದೆಂದು ಮಾಲೀಕರು ಹೇಳಿಯಾಗಿತ್ತು. ಇದನ್ನು ಮೊದಲೇ ಊಹಿಸಿದ್ದ ಪಿಸುಮಾತು ಗುಂಡಿಯ ದೀಪದ ಬೆಳಕಿನಲ್ಲೇ, ನಾಟಕದ ಪ್ರತಿಯ ಅಡಿಯಲ್ಲಿ ಸಂಖ್ಯಾಶಾಸ್ತ್ರದ ಪುಸ್ತಕ ಇಟ್ಟುಕೊಂಡು ಓದುತ್ತಾ ಬಂದಿದ್ದ. ಒಂದು ಸಲ ಪುಟ ಅದಲುಬದಲಾಗಿ, ಸಾಯುವ ರಾಣಿ ಮಾತಿಗೆ ತಡಕಾಡಿದಾಗ ಇವನು ಎತ್ತಿಕೊಟ್ಟಿದ್ದು ಗಣಿತ. "ಅಯ್ಯೋ, ಸರಾಸರಿಯಿಂದ ನಾನೆಷ್ಟು ದೂರ ಬಂದೆ!" ಎಂದು ರಾಣಿ ಪ್ರಾಣ ಬಿಟ್ಟಳು. ಆ ವರ್ಷದಲ್ಲಿ ಚಪ್ಪಾಳೆ ಬಿದ್ದ ಸಾಲು ಅದೊಂದೇ.

ಹೀಗೆ ಓದಿ, ಪರೀಕ್ಷೆ ಕಟ್ಟಿ, ಕಡೆಗೆ ಒಂದು ಸಂಸ್ಥೆಯಿಂದ ಕರೆ ಬಂದಿತ್ತು. ಬೆಲೆಗಳ ಏರಿಳಿತವನ್ನು ಗಣಿತದಿಂದ ಊಹಿಸಿ, ಆ ಊಹೆಯ ಮೇಲೆ ವ್ಯಾಪಾರ ಮಾಡುವ ಸಂಸ್ಥೆ. ಅಂಥ ಕೆಲಸದವರಿಗೆ ಕ್ವಾಂಟ್ ಎನ್ನುತ್ತಾರೆ. "ಅಳಿಯಂದ್ರಿಗೆ ಕ್ವಾಂಟ್ ಅಂತೆ" ಎಂದು ಅತ್ತೆ ನೆರೆಮನೆಯಲ್ಲಿ ಹೇಳಿದಾಗ, ಅವರು ಯಾವ ಡಾಕ್ಟರಿಗೆ ತೋರಿಸಿದ್ದೀರಿ ಎಂದು ಕೇಳಿದ್ದರು. ಇವತ್ತು ಒಂದು ದಿನದ ಪರೀಕ್ಷೆಯ ಕೆಲಸ, ಸಂಜೆ ತೀರ್ಮಾನ. ಒಪ್ಪಿಗೆಯಾದರೆ ನಾಳೆಯಿಂದಲೇ ಮೇಜು ಕುರ್ಚಿ. ಆಗದಿದ್ದರೆ ಹೆಂಡತಿಯ ಅಣ್ಣನ ಕೋಳಿ ಫಾರಂ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೊದಲ ಪಾಳಿಗೆ ಹೊರಡುವಾಗ ಅದನ್ನು ಖಡಾಖಂಡಿತವಾಗಿ ಹೇಳಿದ್ದಳು: "ಇದೇ ಕಡೇದು. ಇದಾಗಿಲ್ಲ ಅಂದ್ರೆ ಬೇರೆ ಮಾತಿಲ್ಲ, ಅಣ್ಣನ ಹತ್ರ ಹೋಗಿ ಮೊಟ್ಟೆ ಆರಿಸಿ. ಮತ್ತೆ ನೋಡಿ, ಅಲ್ಲಿ ಯಾರ ಮಾತಿಗೂ ಬಾಯಿ ಹಾಕಬೇಡಿ. ಒಂದು ದಿನ, ಒಂದೇ ಒಂದು ದಿನ."

"ಆಯ್ತು ಕಣೇ" ಎಂದಿದ್ದ. ಅದು ಮುರಿಯಲು ಅತ್ತೆಯ ಒಂದು ಸೀನು ಸಾಕಾಯಿತು.

ಇನ್ನು ಕೋಟಿನ ಸಂಗತಿ. ಅವನ ಹತ್ತಿರ ಕೋಟು ಇರಲಿಲ್ಲ. ರಂಗಮಂದಿರದ ವೇಷದ ಪೆಟ್ಟಿಗೆಗಳನ್ನು ಕಾಯುವ ಅಜ್ಜಿ, ನಾಟಕದಲ್ಲಿ ಎರಡನೇ ಅಂಕದಲ್ಲಿ ಸಾಯುವ ಸಾಹುಕಾರನ ಕೋಟನ್ನು ತೆಗೆದುಕೊಟ್ಟಿದ್ದಳು. ಸತ್ತ ಸಾಹುಕಾರ ಮರುಕ್ಷಣವೇ ಭಿಕ್ಷುಕನಾಗಿ ಬರಬೇಕಾದ್ದರಿಂದ ಅದು ಬೇಗ ಕಳಚುವ ಉಡುಪು: ಮುಂದೆ ಕೋಟು, ಅಂಗಿ, ಟೈ ಎಲ್ಲ ಒಂದೇ ಬಟ್ಟೆಗೆ ಹೊಲಿದದ್ದು, ಹಿಂದೆ ಕುತ್ತಿಗೆಯಿಂದ ಸೊಂಟದವರೆಗೆ ಬರೀ ಕೊಕ್ಕೆಗಳು. ಹಾಕುವುದಕ್ಕೆ ಇನ್ನೊಬ್ಬರ ಕೈ ಬೇಕು. ಪಿಸುಮಾತು ಕುತ್ತಿಗೆಯ ಹತ್ತಿರದ ಕೊಕ್ಕೆಯೊಂದನ್ನು ಹೇಗೋ ಸಿಕ್ಕಿಸಿ, ಉಳಿದವೂ ಸಿಕ್ಕಿಕೊಂಡವೆಂದು ನಂಬಿ, ಕನ್ನಡಿಯಲ್ಲಿ ಎದುರಿನ ಭಾಗವನ್ನಷ್ಟೇ ನೋಡಿಕೊಂಡು ತೃಪ್ತನಾಗಿದ್ದ. ಹಿಂದೆ ಕೋಟು ಕಿಟಕಿಯ ಬಾಗಿಲುಗಳ ಹಾಗೆ ಎರಡೂ ಕಡೆಗೆ ತೆರೆದು, ನಡುವೆ ಹಳೆಯ ಬನಿಯನ್ ತನ್ನ ತೂತುಗಳ ಸಮೇತ ಲೋಕವನ್ನು ನೋಡುತ್ತಿತ್ತು.

ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಹಿಂದಿನಿಂದ ಬರುತ್ತಿದ್ದರು. ಯಾವುದನ್ನೂ ನೇರವಾಗಿ ಹೇಳುವವರಲ್ಲ. ಬಾವಿಗೆ ಹೋಗಬೇಕಾದರೂ ಕೆರೆಯ ಏರಿ ಸುತ್ತಿ ಹೋಗುವ ಜಾತಿ.

"ನೋಡಿ ಪಿಸುಮಾತಿನವರೇ, ಮನುಷ್ಯ ಎದುರಿಂದ ಹೇಗೆ ಕಾಣ್ತಾನೆ ಅನ್ನೋದು ಎಷ್ಟು ಮುಖ್ಯವೋ, ಅವನ ಹಿಂದೆ..." ಎಂದು ತಕ್ಕ ಪದಕ್ಕಾಗಿ ನಿಂತರು.

"ಹಿನ್ನೆಲೆಯೂ ಅಷ್ಟೇ ಮುಖ್ಯ ಅಂತೀರ. ನಿಜ ಮೇಷ್ಟ್ರೇ. ರೈತನ ಮಗ ಅನ್ನೋದನ್ನ ನಾನು ಎಲ್ಲೂ ಮುಚ್ಚಿಡಲ್ಲ" ಎಂದು ಪಿಸುಮಾತು ಅವರ ಕೈ ಕುಲುಕಿ ನಡೆದುಬಿಟ್ಟ.

"ಮುಚ್ಚಬೇಕಾದ್ದು ಅದಲ್ಲಪ್ಪಾ" ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಬೀದಿಯ ತಿರುವಿನಲ್ಲಿ ದರ್ಜಿ ಅಂಗಡಿ ತೆರೆಯುತ್ತಿದ್ದ. ದರ್ಜಿಯ ಕಣ್ಣಿಗೆ ಬಟ್ಟೆಯ ದೋಷ ತಪ್ಪುವುದುಂಟೆ? ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಕೈ ಬೀಸಿ, "ನಿಲ್ಲಿ ನಿಲ್ಲಿ, ಈ ಹೊಲಿಗೆ..." ಎಂದವನು ಪಿನ್ನು ಚುಚ್ಚಿ ತಡೆದ.

"ಯಾರದು ಅಂತ ತಾನೇ? ನಿಮ್ಮದಲ್ಲ, ಅದಕ್ಕೇ ಇಷ್ಟು ಚೆನ್ನಾಗಿದೆ!" ಎಂದು ಪಿಸುಮಾತು ನಕ್ಕ. ದರ್ಜಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದ. ಚುಚ್ಚಿದ ರೀತಿ ನೋಡಿದರೆ ದಿಂಬು ಬೇರೆ ಯಾರದೋ ಬೆನ್ನಿರಬೇಕು ಅನ್ನಿಸುತ್ತಿತ್ತು.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಹೊರಗೆ ಬೂದಿ ಬಣ್ಣದ ಆಕಾಶ. ಮಳೆಯೂ ಅಲ್ಲದ ಮಂಜೂ ಅಲ್ಲದ ಒಂದು ತೇವ. ಹಿಂದಿನ ಬಾಗಿಲಿನಿಂದ ಬೀಸಿದ ಗಾಳಿ ಪಿಸುಮಾತಿನ ಬೆನ್ನಿನ ಮೇಲೆ ನೇರವಾಗಿ ಹರಿಯಿತು. 'ಬೆನ್ನುಹುರಿಯಲ್ಲಿ ತಣ್ಣಗೆ ಹರಿಯುವ ಭಯ' ಎಂದು ಎಷ್ಟು ನಟರಿಗೆ ಎತ್ತಿಕೊಟ್ಟಿದ್ದನೋ. ಅದು ಇಷ್ಟು ನಿಜವೆಂದು ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಎಳೆಯರ ನಡುವೆ ಹೋಗಿ ಕೂರುವುದು. ಅವರು ಹುಟ್ಟುವ ಮೊದಲೇ ತಾನು ಗುಂಡಿಗೆ ಇಳಿದಾಗಿತ್ತು. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಡಕ್ಟರ್ ಹೆಗಲು ಮುಟ್ಟಿ, "ರೀ, ನಿಮ್ಮದು..." ಎನ್ನುವಷ್ಟರಲ್ಲಿ ಇವನು ಟಿಕೆಟ್ಟು ತೆಗೆದು ಅವನ ಮೂಗಿಗೆ ಹಿಡಿದ. ಕಂಡಕ್ಟರ್ ಟಿಕೆಟ್ಟು ನೋಡಿದ, ಬೆನ್ನು ನೋಡಿದ, ತನಗ್ಯಾಕೆ ಬಂತು ಎಂದು ಮುಂದೆ ಸರಿದ.

ಸಂಸ್ಥೆ ಇದ್ದದ್ದು ಧಾನ್ಯದ ಗೋದಾಮುಗಳ ಬೀದಿಯಲ್ಲಿ. ಕೆಳಗಿನ ಮಹಡಿಯಲ್ಲಿ ಮೂಟೆಗಳು, ಧೂಳು, ತಕ್ಕಡಿ. ಮೇಲೆ ಗಾಜಿನ ಬಾಗಿಲು, ನೆಲಹಾಸು, ಸದ್ದಿಲ್ಲದ ಕಂಪ್ಯೂಟರುಗಳು. ಕೆಳಗಿನವರು ಜೋಳವನ್ನು ಹೊರುತ್ತಿದ್ದರು. ಮೇಲಿನವರು ಜೋಳದ ಬೆಲೆಯನ್ನು ಊಹಿಸುತ್ತಿದ್ದರು. ಮೇಲಿನವರಲ್ಲಿ ಯಾರೂ ತೆನೆ ಮುರಿದವರಲ್ಲ. ಪಿಸುಮಾತಿನ ಅಪ್ಪ ತೆನೆಯನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕಾಳು ಒತ್ತಿ, ಆಕಾಶದ ಕಡೆ ನೋಡಿ, ಈ ಸಲ ಬೆಲೆ ಏರುತ್ತದೆ ಎನ್ನುತ್ತಿದ್ದ. ಬೆಲೆ ಇಳಿಯುತ್ತಿತ್ತು. ಅಪ್ಪನಿಗೆ ಆಗದ್ದನ್ನು ಗಣಿತ ಮಾಡುತ್ತದೆ ಎಂಬ ಆಸೆ ಮಗನಿಗೆ ಎಲ್ಲೋ ಒಳಗಿತ್ತು.

ಸಂಸ್ಥೆಯ ಯಜಮಾನರು ಉದ್ದನೆಯ ಮನುಷ್ಯ. ಗದ್ದೆಯ ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಹಾಗೆ ಕತ್ತು ಬಾಗಿಸಿ ನಿಲ್ಲುತ್ತಿದ್ದರು. ಗಣಿತದಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಆದರೆ ಮಾತು ಹಳೆಯ ಬಾವಿಯ ಹಗ್ಗ. ಕೊಡ ಮೇಲಕ್ಕೆ ಬರುವ ಹೊತ್ತಿಗೇ ಕಡಿದುಹೋಗುತ್ತಿತ್ತು. ಅವರು ಪಿಸುಮಾತಿಗೆ ಕೆಲವು ಹಾಳೆಗಳನ್ನು ಕೊಟ್ಟು, ನೆಲ ನೋಡುತ್ತಾ ಹೇಳಿದರು:

"ಮಧ್ಯಾಹ್ನ ದೊಡ್ಡ ಮಂದಿ ಬರ್ತಾರೆ. ನಿವೃತ್ತ ಕಾರ್ಮಿಕರ ನಿಧಿಯವರು. ಅವರ ಹಣ ನಮ್ಮಲ್ಲಿಟ್ರೆ ನಾವು ಉಳೀತೀವಿ. ಅವರ ಮುಂದೆ ನಾನು ಮಾತಾಡೋದು ಇದೇ. ಓದಿಕೊಂಡಿರಿ. ನೀವು ನನ್ನ ಹಿಂದಿನ ಕುರ್ಚಿಯಲ್ಲೇ ಕೂತ್ಕೋಬೇಕು. ನಾನು ಎಲ್ಲಾದ್ರೂ... ಅಂದ್ರೆ, ನಡುವೆ ನಾನು..."

"ನೀವು ಹೇಳೋದೇ ಬೇಡ ಸರ್. ಅರ್ಥವಾಯ್ತು" ಎಂದ ಪಿಸುಮಾತು. ನಡುವೆ ಎಲ್ಲಾದರೂ ಹೆಸರು ಹಿಡಿದು ಕರೆದರೆ ಎದ್ದು ನಮಸ್ಕಾರ ಮಾಡಬೇಕು, ಇದರಲ್ಲಿ ಅರ್ಥವಾಗದ್ದೇನಿದೆ?

ಯಜಮಾನರ ಮುಖ ಅರಳಿತು. ಜೀವಮಾನದಲ್ಲಿ ಮೊದಲ ಸಲ, ಹೇಳದೆಯೇ ತಿಳಿದುಕೊಳ್ಳುವ ಒಬ್ಬ ಮನುಷ್ಯ ಸಿಕ್ಕಿದ್ದ. ಹಿಡಿದಿಟ್ಟ ಉಸಿರನ್ನು ಪೂರ್ತಿ ಬಿಟ್ಟು, ಏನೂ ಹೇಳದೆ ಒಳಗೆ ಹೋದರು.

ಪಿಸುಮಾತು ಹಾಳೆಗಳನ್ನು ಒಮ್ಮೆ ಓದಿದ. ಅವನಿಗೆ ಒಮ್ಮೆ ಸಾಕು. ಓದಿದ್ದು ಕಲ್ಲಿನ ಮೇಲೆ ಕೊರೆದ ಹಾಗೆ ಉಳಿಯುತ್ತಿತ್ತು. ಆಮೇಲೆ ಎದ್ದು ಕಿಟಕಿಯ ಹತ್ತಿರ ನಿಂತು, ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಲೆಕ್ಕಿಗನ ಹಾಗೆ ಬೀದಿಯನ್ನು ನೋಡಿದ. ಹಿಂದಿನಿಂದ ಒಂದು ಕೆಮ್ಮು ಬಂತು. ಪಕ್ಕದ ಮೇಜಿನ ಕನ್ನಡಕದ ಹುಡುಗಿ.

"ಸರ್, ಬೇಜಾರು ಮಾಡ್ಕೋಬೇಡಿ. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಿಮ್ಮ ಬೆನ್ನು..."

"ತಟ್ಟಬೇಕು ಅನ್ಸುತ್ತಾ? ಈಗಲೇ ಬೇಡಮ್ಮ, ಸಂಜೆ ತೀರ್ಮಾನ ಆಗಲಿ."

ಹುಡುಗಿ ಕನ್ನಡಕ ಸರಿಪಡಿಸಿಕೊಂಡು ತನ್ನ ಮೇಜಿಗೆ ತಿರುಗಿದಳು. ಅವಳ ಹಿಂದೆ ಕೂತಿದ್ದ ಗಡ್ಡದ ಹುಡುಗ ಮೇಜಿನ ಕೆಳಗೆ ಏನನ್ನೋ ಹುಡುಕಲು ಬಗ್ಗಿದವನು ಬಹಳ ಹೊತ್ತು ಮೇಲಕ್ಕೇ ಬರಲಿಲ್ಲ.

ಊಟದ ಹೊತ್ತಿಗೆ ಮೊದಲು, ಅವನು ಪರೀಕ್ಷೆಗೆಂದು ಮಾಡಿ ಕಳಿಸಿದ್ದ ಲೆಕ್ಕದ ಮಾದರಿಯನ್ನು ಎಲ್ಲರ ಮುಂದೆ ವಿವರಿಸಬೇಕಿತ್ತು. ಜೋಳದ ಬೆಲೆಯನ್ನು ಊಹಿಸುವ ಮಾದರಿ. ಹಿಂದಿನ ವರ್ಷಗಳ ಬೆಲೆಗಳ ಮೇಲೆ ಓಡಿಸಿ ನೋಡಿದಾಗ ಅದು ಒಮ್ಮೆಯೂ ತಪ್ಪಿರಲಿಲ್ಲ. ಪಿಸುಮಾತು ಬಿಳಿಯ ಹಲಗೆಯ ಕಡೆಗೆ ತಿರುಗಿ ನಿಂತು ಬರೆಯತೊಡಗಿದ. ಬರೆಯುತ್ತಾ ಬರೆಯುತ್ತಾ ತೋಳು ಎತ್ತಿದ ಹಾಗೆಲ್ಲ ಕೋಟಿನ ಎರಡು ಬಾಗಿಲುಗಳು ಇನ್ನಷ್ಟು ಹಿಂದಕ್ಕೆ ಮಗುಚಿ ಒಳಗಿನ ಅಸ್ತರಿ ಹೊರಗೆ ಬಂತು. ಹಿಂದೆ ಸೂಜಿ ಬಿದ್ದರೂ ಕೇಳುವ ಮೌನ. 'ಹಿಡಿದುಬಿಟ್ಟೆ ಇವರನ್ನ' ಎಂದುಕೊಂಡ. ರಂಗದಲ್ಲಿ ಇಂಥ ಮೌನ ಬರುವುದು ನಾಟಕ ಗೆದ್ದಾಗ ಮಾತ್ರ.

"ಸರ್, ಇಲ್ಲಿ ಒಂದು... ಇದು ನಾಳೆಯ..." ಎಂದಳು ಕನ್ನಡಕದ ಹುಡುಗಿ.

"ನಾಳೆಯ ದಾರಿ ಅಂತೀರಾ? ನನಗೂ ಹಾಗೇ ಅನ್ಸುತ್ತೆ."

"ಅಲ್ಲ ಸರ್. ನಾಳೆಯ ಬೆಲೆ. ನಿಮ್ಮ ಮಾದರಿ ನಾಳೆಯ ಬೆಲೆ ಊಹಿಸೋದಕ್ಕೆ ನಾಳೆಯ ಬೆಲೆಯನ್ನೇ ನೋಡ್ಕೋತಾ ಇದೆ."

"ಹೌದಮ್ಮ. ಯಾವಾಗಲೂ ಒಂದು ಸಾಲು ಮುಂದೆ ಕಣ್ಣಿಟ್ಟಿರಬೇಕಲ್ವಾ?" ಎಂದ ಪಿಸುಮಾತು, ನಿಜವಾದ ಆಶ್ಚರ್ಯದಿಂದ. ಗುಂಡಿಗೆ ಇಳಿದ ಮೊದಲ ದಿನ ಅವನಿಗೆ ಕಲಿಸಿದ್ದೇ ಅದು.

"ಹಳೇ ಬೆಲೆಗಳಲ್ಲಿ ಮುಂದಿನ ಸಾಲು ಬರೆದಿರುತ್ತೆ ಸರ್. ಮುಂದೆ ಬರೋ ನಾಳೆಯದನ್ನ ಎಲ್ಲಿ ನೋಡ್ತೀರಿ?"

ಪಿಸುಮಾತಿನ ಕೈಯಲ್ಲಿದ್ದ ಪೆನ್ನು ಹಲಗೆಯ ಮೇಲೇ ನಿಂತಿತು. ಇಷ್ಟು ಸರಳವಾದದ್ದು. ಇಷ್ಟು ವರ್ಷ ಎಲ್ಲರಿಗೂ ಮುಂದಿನ ಮಾತು ಕೊಟ್ಟವನಿಗೆ, ಮುಂದಿನ ಮಾತು ಎಂದೂ ಗೊತ್ತಿರಲಿಲ್ಲ. ಅದನ್ನು ಯಾರೋ ಮೊದಲೇ ಬರೆದಿಟ್ಟಿದ್ದರು. ಬಹಳ ಹೊತ್ತು ಹಲಗೆಯ ಕಡೆಗೇ ಮುಖ ಮಾಡಿ ನಿಂತಿದ್ದ. ಆಗ ಗಡ್ಡದ ಹುಡುಗನಿಗೆ ತಡೆಯಲಾಗಲಿಲ್ಲ. ನಗೆ, ಮುಚ್ಚಳ ಹಾರಿದ ಪಾತ್ರೆಯ ಹಾಗೆ ಸಿಡಿಯಿತು.

"ಕ್ಷಮಿಸಿ ಸರ್" ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ, "ಲೆಕ್ಕಕ್ಕಲ್ಲ. ಒಂದು ಸಲ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡು ಬನ್ನಿ." ಇವನು ಮಾತನ್ನು ಎಲ್ಲೂ ನಿಲ್ಲಿಸಲಿಲ್ಲವಾದ್ದರಿಂದ ಪಿಸುಮಾತಿಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

ಬಚ್ಚಲಿನಲ್ಲಿ ಎದುರುಬದುರು ಎರಡು ಕನ್ನಡಿಗಳಿದ್ದವು. ಪಿಸುಮಾತು ತನ್ನ ಬೆನ್ನನ್ನು ನೋಡಿದ. ಬನಿಯನ್ನನ್ನು ನೋಡಿದ. ಹೊರಗೆ ಮಗುಚಿದ ಅಸ್ತರಿಯ ಮೇಲೆ ವೇಷದ ಅಜ್ಜಿ ಗುರುತಿಗೆಂದು ಬಿಳಿಯ ಬಣ್ಣದಲ್ಲಿ ದಪ್ಪಗೆ ಬರೆದಿದ್ದುದನ್ನೂ ಓದಿದ: 'ಶವ. ಎರಡನೇ ಅಂಕ.'

ಬೆಳಗಿನಿಂದ ಕಡಿದುಹೋದ ಮಾತುಗಳೆಲ್ಲ ಒಂದೊಂದಾಗಿ ಬಂದು ಸರಿಯಾದ ಜಾಗದಲ್ಲಿ ಕೂತವು. ಅತ್ತೆಯ ಬೆರಳು. ಮೇಷ್ಟ್ರ 'ಹಿಂದೆ'. ದರ್ಜಿಯ ಹೊಲಿಗೆ. ಕಂಡಕ್ಟರ್. ಪಾಪ, ಆ ಹುಡುಗಿ. ಒಬ್ಬರೂ ಅವನನ್ನು ಹೊಗಳಲು ಬಂದವರಲ್ಲ, ಕಾಪಾಡಲು ಬಂದವರು. ಎಲ್ಲರ ಬಾಯಿಗೂ ತಾನೇ ತನ್ನ ಮಾತನ್ನು ತುರುಕಿ ಕಳಿಸಿದ್ದ. ಕೈ ಹಿಂದೆ ಚಾಚಿ ಕೊಕ್ಕೆಗಳಿಗೆ ತಡಕಾಡಿದ. ಮೇಲಿನದು ಸಿಕ್ಕಿತು, ಕೆಳಗಿನದು ಸಿಕ್ಕಿತು. ನಡುವಿನವು ತನ್ನ ಬೆನ್ನೇ ಆದರೂ ಬೇರೆಯವರ ಹೊಲದ ಹಾಗೆ ದೂರ ಉಳಿದವು.

ಅಲ್ಲೇ ನಲ್ಲಿಯ ಮುಂದೆ ನಿಂತು ಅವನು ಶಪಥ ಮಾಡಿದ. ಇನ್ನು ಮುಂದೆ ಯಾರ ಮಾತನ್ನೂ ಪೂರ್ತಿ ಮಾಡುವುದಿಲ್ಲ. ಆಕಾಶ ಕಳಚಿ ಬಿದ್ದರೂ ಇಲ್ಲ.

ಮಧ್ಯಾಹ್ನ ನಿಧಿಯವರು ಬಂದರು: ಇಬ್ಬರು ಮುದುಕರು, ಒಬ್ಬ ಮುದುಕಿ. ಮೂವರೂ ದುಡಿದು ಸವೆದ ಕೈಗಳವರು. ಮುದುಕಿ ಕೈಚೀಲವನ್ನು ಕರು ಹಿಡಿದುಕೊಂಡ ಹಾಗೆ ಮಡಿಲಲ್ಲಿ ಅಪ್ಪಿ ಹಿಡಿದಿದ್ದಳು. ಪಿಸುಮಾತು ಬೆನ್ನನ್ನು ಗೋಡೆಗೆ ಒತ್ತಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತಾ ಯಜಮಾನರ ಹಿಂದಿನ ಕುರ್ಚಿ ಸೇರಿದ. ಯಜಮಾನರು ಒಮ್ಮೆ ಹಿಂದಿರುಗಿ ನೋಡಿ, ಅವನಿರುವುದನ್ನು ಖಚಿತ ಮಾಡಿಕೊಂಡು, ಮೇಜಿನ ಮೇಲಿದ್ದ ಹಾಳೆಗಳನ್ನು ಧೈರ್ಯವಾಗಿ ಮಗುಚಿಟ್ಟರು. ಹಾಳೆ ನೋಡಿ ಓದುವವರ ಕೈಗೆ ಹಣ ಕೊಡುವುದಿಲ್ಲವೆಂದು ನಿಧಿಯವರು ಹೇಳಿ ಕಳಿಸಿದ್ದರಂತೆ.

ಮಾತು ಚೆನ್ನಾಗಿಯೇ ಶುರುವಾಯಿತು. ಸಂಸ್ಥೆ ಹುಟ್ಟಿದ್ದು, ಬೆಳೆದದ್ದು, ಗಣಿತ ಎಂದರೇನು, ಎಚ್ಚರ ಎಂದರೇನು. ಪಿಸುಮಾತಿನ ಮನಸ್ಸಿನಲ್ಲಿ ಹಾಳೆಯ ಸಾಲುಗಳು ಒಂದೊಂದಾಗಿ ಸರಿಯುತ್ತಿದ್ದವು. ಯಜಮಾನರು ಅಕ್ಷರ ತಪ್ಪದೆ ಅವುಗಳ ಮೇಲೆ ನಡೆಯುತ್ತಿದ್ದರು. ಮುದುಕರು ತಲೆದೂಗಿದರು. ಮುದುಕಿ ಕೈಚೀಲದ ಹಿಡಿತವನ್ನು ಸ್ವಲ್ಪ ಸಡಿಲಿಸಿದಳು.

"ಇಷ್ಟು ವರ್ಷ ನೀವು ಬೆವರು ಸುರಿಸಿ ಕೂಡಿಟ್ಟದ್ದು ಇದು" ಎಂದರು ಯಜಮಾನರು. "ಆದ್ದರಿಂದ ನಿಮ್ಮ ಹಣವನ್ನು ನಾವು..."

ಹಗ್ಗ ಕಡಿಯಿತು.

'ನಮ್ಮ ಹೆತ್ತವರ ಹಣದಂತೆ ಕಾಯುತ್ತೇವೆ.' ಅದು ಮುಂದಿನ ಸಾಲು. ಪಿಸುಮಾತಿನ ನಾಲಿಗೆಯ ತುದಿಯಲ್ಲಿ ಅದು ಹುರಿದ ಕಾಳಿನ ಹಾಗೆ ಕುಣಿಯಿತು. ಬೆಳಗಿನಿಂದ ಅವನಿಗೆ ನಿಜವಾಗಿ ಗೊತ್ತಿದ್ದ ಮುಂದಿನ ಮಾತು ಅದೊಂದೇ. ಯಜಮಾನರ ಕತ್ತಿನ ಮೇಲೆ ಬೆವರು ಮೂಡಿತು. ಅವರು ಸ್ವಲ್ಪವೇ ಹಿಂದಕ್ಕೆ ವಾಲಿದರು, ಗುಂಡಿಯ ಕಡೆಗೆ ವಾಲುವ ನಟನ ಹಾಗೆ. ಪಿಸುಮಾತು ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದುಕೊಂಡು ಹಲ್ಲು ಕಚ್ಚಿದ. ಇಲ್ಲ. ಯಾರ ಮಾತೂ ಅಲ್ಲ. ಆಕಾಶ ಕಳಚಿ ಬಿದ್ದರೂ ಇಲ್ಲ.

"ನಿಮ್ಮ ಹಣವನ್ನು ನಾವು..." ಎಂದರು ಯಜಮಾನರು ಮತ್ತೊಮ್ಮೆ.

ಮೂವರೂ ಮುದುಕರು ಆ ವಾಕ್ಯವನ್ನು ತಮ್ಮ ತಮ್ಮ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳತೊಡಗಿದರು. ಅದು ಅವರ ಮುಖಗಳ ಮೇಲೆಯೇ ಕಾಣುತ್ತಿತ್ತು.

"ಏನ್ಮಾಡ್ತೀರಪ್ಪ ನಮ್ಮ ಹಣವನ್ನ?" ಎಂದು ಮುದುಕಿ ಕೈಚೀಲವನ್ನು ಮತ್ತೆ ಎದೆಗೆ ಅವುಚಿಕೊಂಡಳು.

ಯಜಮಾನರು ತಿರುಗಿ ಪಿಸುಮಾತನ್ನು ನೋಡಿದರು. ಮುಳುಗುವವನು ದಡ ನೋಡುವ ನೋಟ. 'ಬಾಯಿ ಬಿಟ್ಟೀಯ, ಜೋಕೆ' ಎನ್ನುತ್ತಿದ್ದಾರೆ ಎಂದು ಪಿಸುಮಾತು ತುಟಿಗಳನ್ನು ಇನ್ನಷ್ಟು ಬಿಗಿದು, ಭರವಸೆ ಕೊಡುವಂತೆ ತಲೆಯಾಡಿಸಿದ.

"ಅವರಿಗೇ ಹೇಳೋಕೆ ಬಾಯಿ ಬರ್ತಿಲ್ಲ ಅಂದ್ಮೇಲೆ ಏನು ಮಾಡ್ತಾರೋ ಗೊತ್ತಾಯ್ತಲ್ಲ, ಏಳಿ" ಎಂದಳು ಮುದುಕಿ. ಮೂವರೂ ಎದ್ದರು. ಮೆಟ್ಟಿಲಿಳಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ವಯಸ್ಸಾದವರು, ನಿಧಾನವಾಗಿ ಇಳಿದರು.

ಎಲ್ಲರೂ ಹೊರಗೆ ಹೋದ ಮೇಲೆ ಯಜಮಾನರು ಪಿಸುಮಾತಿನ ಎದುರಿನ ಕುರ್ಚಿಯಲ್ಲಿ ಕುಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು.

"ನೀವು ಹಾಳೆ ಓದಿರಲಿಲ್ವಾ?"

"ಓದಿದ್ದೆ ಸರ್. ಪ್ರತಿ ಅಕ್ಷರ ಗೊತ್ತಿತ್ತು."

"ಮತ್ತೆ?"

"ಇವತ್ತಿಂದ ಬೇರೆಯವರ ಮಾತಿಗೆ ಬಾಯಿ ಹಾಕಬಾರದು ಅಂತ ಮನಸ್ಸು ಮಾಡಿದೀನಿ ಸರ್."

ಯಜಮಾನರು ಮಗುಚಿಟ್ಟಿದ್ದ ಹಾಳೆಗಳನ್ನು ನೇರ ಮಾಡಿ ಜೋಡಿಸಿದರು. "ನಾನು ನಿಮ್ಮ ರಂಗಮಂದಿರಕ್ಕೆ ಬಂದಿದ್ದೆ. ಮುಂದಿನ ಸಾಲಲ್ಲಿ ಕೂತಿದ್ದೆ. ಆ ಮುದಿ ನಟನಿಗೆ ಒಂದು ಸಾಲೂ ನೆನಪಿರಲಿಲ್ಲ, ಆದ್ರೂ ರಾಜನ ಹಾಗೆ ಮಾತಾಡಿದ. ನನಗೆ ಮಾತ್ರ ಗುಂಡಿಯಿಂದ ಪಿಸುಮಾತು ಕೇಳಿಸ್ತಿತ್ತು. ನನಗೂ ಇಂಥ ಒಬ್ಬ ಇದ್ದಿದ್ರೆ ಅಂದ್ಕೊಂಡೆ. ಮುಂದಿನ ವಾರವೇ ನಿಮ್ಮ ಅರ್ಜಿ ಬಂತು. ಅದಕ್ಕೇ ನಿಮ್ಮನ್ನ..."

ಮಾತು ನಿಂತಿತು. ಪಿಸುಮಾತು ಸುಮ್ಮನೆ ಕಾದ. ಗೋಡೆ ಗಡಿಯಾರ ಟಿಕ್ ಟಿಕ್ ಎಂದಿತು. ಕೆಳಗೆ ಗೋದಾಮಿನಲ್ಲಿ ಯಾರೋ ಮೂಟೆ ಇಳಿಸಿದರು.

"...ಕರೆಸಿದ್ದು" ಎಂದು ಯಜಮಾನರೇ ಕಡೆಗೆ ಮುಗಿಸಿದರು.

"ಲೆಕ್ಕಕ್ಕೆ ಅಲ್ವಾ ಸರ್?" ಎಂದ ಪಿಸುಮಾತು. ಧ್ವನಿ ಗುಂಡಿಯೊಳಗಿನಿಂದ ಬಂದಷ್ಟೇ ಸಣ್ಣದಾಗಿತ್ತು.

"ನಿಮ್ಮ ಲೆಕ್ಕ ತಪ್ಪು ಅಂತ ಕಳಿಸಿದ ದಿನವೇ ಗೊತ್ತಿತ್ತು. ನಾಳೆಯ ಪತ್ರಿಕೆಯನ್ನ ಇವತ್ತೇ ಓದುತ್ತೆ ಅದು. ಅಂಥ ಪತ್ರಿಕೆಯನ್ನ ನಮ್ಮ ಮನೆಗೆ ಯಾರೂ ಹಾಕಲ್ಲ." ಅವರು ಎದ್ದರು. "ಲೆಕ್ಕದವರು ನನ್ನ ಹತ್ರ ಬೇಕಾದಷ್ಟಿದ್ದಾರೆ. ಈಗ ಅವರನ್ನೂ ಉಳಿಸ್ಕೊಳ್ಳೋದು ಹೇಗೋ ನೋಡಬೇಕು." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಇನ್ನೊಂದು ಮಾತು. ನಿಮ್ಮ ಕೋಟಿನ ಹಿಂದೆ..."

"ಗೊತ್ತು ಸರ್" ಎಂದ ಪಿಸುಮಾತು. ಆ ದಿನ ಅವನು ಸರಿಯಾಗಿ ಎತ್ತಿಕೊಂಡ ಮಾತು ಅದೊಂದೇ.

ಅವನು ಮನೆಗೆ ನಡೆದೇ ಬಂದ. ಬೆನ್ನಿಗೆ ತೇವದ ಗಾಳಿ ಹೊಡೆಯುತ್ತಿತ್ತು. ಮುಚ್ಚಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ರಂಗಮಂದಿರದ ಮುಂದೆ ಹಾಸಿಗೆ ಅಂಗಡಿಯವರು ಅಳತೆ ಪಟ್ಟಿ ಹಿಡಿದು ಬಾಗಿಲಿನ ಅಗಲ ನೋಡುತ್ತಿದ್ದರು. ದರ್ಜಿ ಅಂಗಡಿಯಿಂದ ತಲೆ ಎತ್ತಿ ನೋಡಿ, ಮುಖ ತಿರುಗಿಸಿಕೊಂಡ. ಮೇಷ್ಟ್ರು ಮೆಟ್ಟಿಲ ಮೇಲೆ ಎದುರಾಗಿ, ಬೆಳಗಿನಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ವಾಕ್ಯವನ್ನು ಹೇಳಲು ಬಾಯಿ ತೆರೆದವರು, ಅವನ ಮುಖ ನೋಡಿ ಮುಚ್ಚಿಕೊಂಡರು.

ಹೆಂಡತಿ ಬಾಗಿಲು ತೆರೆದಳು. ಕೈಗಳಿನ್ನೂ ಸೋಪಿನ ನೀರಿಗೆ ನಿರಿಗೆಗಟ್ಟಿದ್ದವು.

"ಏನಾಯ್ತು? ಕೆಲಸ..." ಎಂದು ನಿಂತಳು.

ಪಿಸುಮಾತು ಹೇಳಬೇಕೆಂದುಕೊಂಡ, ಆದರೆ ಬಾಯಿಗೆ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಮುಂದಿನ ಮಾತು ಬೇಕಾಗಿತ್ತು.

"ಹೋಯ್ತು" ಎಂದು ಅಡುಗೆಮನೆಯ ಕತ್ತಲೆಯಿಂದ ಅತ್ತೆಯ ಧ್ವನಿ ಬಂತು. "ಅಣ್ಣನಿಗೆ ಫೋನು ಮಾಡು. ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತಾರೆ ಅನ್ನು."

ಆಮೇಲೆ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಅಳಿಯನ ಭುಜ ಹಿಡಿದು ತಿರುಗಿಸಿ, ಕೋಟಿನ ಕೊಕ್ಕೆಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕತೊಡಗಿದರು. ಗೋಡೆ ನೋಡುತ್ತಾ ನಿಂತ ಪಿಸುಮಾತಿಗೆ ಒಂದೇ ಯೋಚನೆ: ಕೈಯಲ್ಲಿ ಪ್ರತಿಯಿಲ್ಲ, ದೀಪವಿಲ್ಲ, ಗುಂಡಿಯಿಲ್ಲ, ಆದರೂ ಒಂದಕ್ಷರ ತಪ್ಪಲಿಲ್ಲ. ಆ ಸಂಸ್ಥೆಯವರು ಕರೆಸಬೇಕಾಗಿದ್ದು ಅತ್ತೆಯನ್ನು.